ಗುರುಶಾಂತಪ್ಪ ಮಾವನ ಇಂಗ್ಲೆಂಡಿನ ಸಂಜೆ

ಗಿರಿಜಾ, ದಾವಣಗೆರೆಯ ಸಂಬಂಧ ತಪ್ಪಿದ್ದು ನಿಮ್ಮಪ್ಪನ ಬಡಾಯಿಯಿಂದ ಎಂದು ನೀನು ಇವತ್ತಿಗೂ ನಂಬಿದ್ದೀಯ. ಅಲ್ಲ — ಅದು ತಪ್ಪಿದ್ದು ನನ್ನ ಬಾಯಿಂದ. ಹುಡುಗನ ದೊಡ್ಡಪ್ಪ ನಿಮ್ಮ ಮನೆಯ ಬಗ್ಗೆ ವಿಚಾರಿಸಲು ಬಂದಾಗ ನಿಮ್ಮಪ್ಪನನ್ನು ಸುಳ್ಳುಗಾರ ಮಾಡಿದವಳು ನಾನು, ಪಕ್ಕದ ಮನೆಯ ಶಾರದೆ, ದಿನಾ ನಿನ್ನ ಜಡೆ ಹೆಣೆಯುತ್ತಿದ್ದವಳು. ನಲವತ್ತು ವರ್ಷ ಇದನ್ನು ನುಂಗಿಕೊಂಡು ನಿನ್ನ ಜೊತೆ ಕಾಫಿ ಕುಡಿದಿದ್ದೇನೆ.

ಭದ್ರಾವತಿಯ ನಮ್ಮ ಕಾರ್ಖಾನೆ ಕಾಲೊನಿಗೆ ಮೊದಲ ಟಿವಿ ಬಂದ ಕಾಲ ಅದು. ಕೊನೆಯ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಇಡೀ ಸಾಲು ಕೂರುತ್ತಿತ್ತು. ಚಿತ್ರ ಹೋಗಿ ಬರೀ ಚುಕ್ಕಿ ಕುಣಿಯತೊಡಗಿದರೆ ಸಾಕು, ನಿಮ್ಮಪ್ಪ ಶುರು ಮಾಡುತ್ತಿದ್ದರು. ಮದುವೆಗೆ ಮುಂಚೆ ಆರು ತಿಂಗಳ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಕೋಣೆ ಬಾಡಿಗೆ ಕೊಟ್ಟ ಮುದುಕಿಯ ಮನೆಯಲ್ಲಿ ನೋಡಿದ ಒಂದು ಸಂಜೆಯ ಟಿವಿ. ಬೀರುವಿನಂಥ ಮರದ ಪೆಟ್ಟಿಗೆ, ಅದರಲ್ಲಿ ಸ್ಲೇಟಿನಷ್ಟು ಗಾಜು. ಐದಕ್ಕೆ ಮಕ್ಕಳಿಗೆ ಗೊಂಬೆಯಾಟ. ಆರಕ್ಕೆ ಎಲ್ಲ ಬಂದ್. ಏಳಕ್ಕೆ ಮತ್ತೆ ಶುರು — ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡ ಹೆಂಗಸು ಬಂದು ಮುಂದೇನಿದೆ ಎಂದು ಹೇಳುವುದು, ಆಮೇಲೆ ನಾಟಕ, ನಡುವೆ ಏನಾದರೂ ಕೆಟ್ಟರೆ ಕುಂಬಾರನ ಚಕ್ರ ತಿರುಗುವುದನ್ನೇ ತೋರಿಸುವುದು. ಕೊನೆಗೆ ರಾಣಿಯ ಗೀತೆ, ಅವರ ರಾಷ್ಟ್ರಗೀತೆ. ಮುದುಕಿ ಎದ್ದು ನಿಂತಳಂತೆ, ಅವಳ ಮರ್ಯಾದೆಗೆ ಇವರೂ ನಿಂತರಂತೆ.

"ಆರಕ್ಕೆ ಯಾಕೆ ಮಾವ ಬಂದ್?" ಎಂದು ಒಂದು ದಿನ ನಾನು ನಿಮ್ಮಪ್ಪನನ್ನು ಕೆಣಕಿದೆ.

"ಮಕ್ಳು ಮಲಗ್ಲಿ ಅಂತ ಕಣಮ್ಮಾ. ಒಂದು ಗಂಟೆ ಏನೂ ಬರ್ತಿರ್ಲಿಲ್ಲ, ಇಡೀ ದೇಶಕ್ಕೇ."

"ಅಯ್ಯೋ, ತೊಟ್ಟಿಲು ತೂಗೋಕೂ ಟಿವಿಯವರೇ ಬರ್ತಿದ್ರಾ?" ಎಂದೆ. ಹಾಲ್ ಗೊಳ್ಳೆಂದಿತು. ನೀನೂ ನಕ್ಕೆ. ಅವರು ಬೇಜಾರಾಗದೆ, ಬಿಟ್ಟಲ್ಲಿಂದಲೇ ಮುಂದುವರಿಸಿದರು. ಎಷ್ಟು ಸಲ ಹೇಳಿದರೂ ಅದೇ ಸಂಜೆ, ಅದೇ ಕ್ರಮ. ಸುಳ್ಳು ಹೇಳುವವರು ಪ್ರತಿ ಸಲ ಒಂದಿಷ್ಟು ಸೇರಿಸುತ್ತಾರೆ. ಮಾವ ಒಂದು ಸಲವೂ ಏನನ್ನೂ ಸೇರಿಸಲಿಲ್ಲ. ಅದು ಆಗಲೇ ನನಗೆ ಗೊತ್ತಿತ್ತು — ಗೊತ್ತಿತ್ತು ಗಿರಿಜಾ.

ದಾವಣಗೆರೆಯ ಆ ಹುಡುಗ ನಿನ್ನನ್ನು ನೋಡಲು ಬಂದು, ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ ಎಂದು ನೀನು ಕಾಂಪೌಂಡಿನ ಈಚೆ ನಿಂತಿದ್ದ ನನಗೆ ಹೇಳಿ ಹೇಳಿ ನಗುತ್ತಿದ್ದೆ. ಆ ವರ್ಷ ನನ್ನನ್ನು ಮೂವರು ನೋಡಿ ಹೋಗಿದ್ದರು. ಒಬ್ಬರೂ ಮತ್ತೆ ಮಾತೆತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವುದಿಲ್ಲ.

ನಾಲ್ಕನೇ ದಿನ ಹುಡುಗನ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಹೆಣ್ಣಿನ ಕಡೆಯವರ ಬಗ್ಗೆ ಅಕ್ಕಪಕ್ಕದಲ್ಲಿ ಕೇಳುವುದು ಇದ್ದದ್ದೇ. ಅಪ್ಪ ಡ್ಯೂಟಿಯಲ್ಲಿದ್ದರು, ಅವ್ವ ಹಿತ್ತಲಲ್ಲಿ. ಕಾಫಿ ಕೊಟ್ಟವಳು ನಾನು.

"ಹುಡುಗಿ ಹೆಂಗಮ್ಮಾ?"

"ಹುಡುಗಿ ಬಂಗಾರ," ಎಂದೆ. "ಅವರಪ್ಪನ ಮಾತು ಮಾತ್ರ..."

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಅಲ್ಲಿಯವರೆಗೆ ಯಾರೂ ನನ್ನ ಮಾತಿಗೆ ಅಷ್ಟು ಹೊತ್ತು ಕಾದದ್ದೇ ಇರಲಿಲ್ಲ — ಆ ಹಿಗ್ಗಿಗೆ ಹೇಳಿಬಿಟ್ಟೆ. "ಇಂಗ್ಲೆಂಡು ಅಂತಾರೆ, ಹೋಗಿದ್ರೋ ಇಲ್ವೋ ಶಿವನೇ ಬಲ್ಲ. ಅಲ್ಲಿ ಮಕ್ಕಳು ಮಲಗಲಿ ಅಂತ ದೇಶದ ಟಿವಿನೇ ನಿಲ್ಲಿಸ್ತಿದ್ರಂತೆ. ನೀವೇ ಯೋಚನೆ ಮಾಡಿ."

ಅವರು ಮತ್ತೇನೂ ಕೇಳದೆ ಎದ್ದರು. ಹುಡುಗಿಯ ತಂದೆಯ ಮಾತಿಗೆ ನೆಲೆಯಿಲ್ಲವಂತೆ ಎಂದು ಮಧ್ಯಸ್ಥರ ಮೂಲಕ ನಿಮಗೆ ಉತ್ತರ ಬಂತು. ಬಂದವರ ಎದುರು ಅಪ್ಪನೇ ಏನೋ ಕೊಚ್ಚಿಕೊಂಡಿರಬೇಕು ಎಂದು ನೀನು ನನ್ನ ಮಡಿಲಲ್ಲಿ ಅತ್ತೆ. "ಇರಬಹುದು ಬಿಡೇ," ಎಂದು ನಿನ್ನ ತಲೆ ನೇವರಿಸಿದೆನಲ್ಲ, ಎಂಥ ಕೈ ಇದು! ಆಮೇಲೆ ಬಂದ ಗಂಡುಗಳನ್ನು ನೀನೇ ಬೇಡವೆಂದೆ. ಅಪ್ಪನ ಜೊತೆ ಬೇಕಾದಷ್ಟೇ ಮಾತು. ಚಾಪೆಯ ಮೇಲೆ ಕೂತವರು ಇಂಗ್ಲೆಂಡಿನ ಕಥೆ ಕೇಳಿದರೆ, "ನೆನಪಿಲ್ಲ ಕಣ್ರಪ್ಪಾ," ಎಂದುಬಿಡುತ್ತಿದ್ದರು ಮಾವ.

ಹೋದ ತಿಂಗಳು ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಫೋನು ನೋಡುತ್ತಾ ಕೂತಿದ್ದಾಗ ಮಾವ ಅಲ್ಲಿದ್ದ ಕಾಲದ ಬ್ರಿಟಿಷ್ ಟಿವಿಯ ಬಗ್ಗೆ ಒಂದು ವಿಡಿಯೊ ಬಂತು. ಗೊಂಬೆಗಳು, ಸಿಂಗರಿಸಿಕೊಂಡ ಹೆಂಗಸು, ಕುಂಬಾರನ ಚಕ್ರ. ಆರರಿಂದ ಏಳು, ಮಕ್ಕಳನ್ನು ಮಲಗಿಸಲೆಂದು ಖಾಲಿ ಬಿಟ್ಟ ಒಂದು ಗಂಟೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಆದರೆ ಗಿರಿಜಾ, ಅದು ನಿಜವೆಂದು ಈಗ ಗೊತ್ತಾದದ್ದರಿಂದಲೇ ನಾನು ಮಾಡಿದ್ದು ತಪ್ಪಾದದ್ದಲ್ಲ. ಅದು ಸುಳ್ಳೇ ಆಗಿದ್ದರೂ...

ತೀರಿಕೊಳ್ಳುವ ಮುಂಚೆ ಕೊನೆಯ ಸಲ ಶಿವಮೊಗ್ಗದ ಆಸ್ಪತ್ರೆಗೆ ಸೇರಿದ್ದಾಗ, ಸಲೈನ್ ಬದಲಿಸುತ್ತಿದ್ದ ನರ್ಸಮ್ಮನಿಗೆ ಮಾವ ಇದ್ದಕ್ಕಿದ್ದಂತೆ, "ನಾನು ಇಂಗ್ಲೆಂಡಲ್ಲಿದ್ದಾಗ ಒಂದು ಸಂಜೆ..." ಎಂದರು. ಎಷ್ಟೋ ವರ್ಷದ ಮೇಲೆ. ನೀನು, "ಸಾಕು ಸುಮ್ನಿರಪ್ಪಾ, ಅದರಿಂದ ಆಗಿದ್ದೇ ಸಾಕು," ಎಂದೆ. ಅವರು ನಿನ್ನನ್ನೊಮ್ಮೆ ನೋಡಿ ಗೋಡೆಯ ಕಡೆ ತಿರುಗಿದರು. ನಾನು ಫ್ಲಾಸ್ಕ್ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು, ಅವರು ಇನ್ನೂ ಕೇಳಿಸಿಕೊಳ್ಳುತ್ತಿದ್ದರು. ಫ್ಲಾಸ್ಕಿನ ಮುಚ್ಚಳ ತೆಗೆದು, "ಕಾಫಿ ಕೊಡ್ಲಾ?" ಎಂದು ನಿನ್ನನ್ನು ಕೇಳಿದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ರಾಗಿಗುಡ್ಡದ ನಿನ್ನ ಮನೆಗೆ ಬಂದು ನಿನ್ನೆದುರು ಕೂತು ಓದುತ್ತೇನೆ. ಓದಿ ಮುಗಿಸುವವರೆಗೆ ಮಾತ್ರ ನನ್ನನ್ನು ಒಳಗೆ ಇರಗೊಡು. ಆಮೇಲೆ ಎದ್ದು ಹೋಗು ಎಂದರೆ ಹೋಗುತ್ತೇನೆ.