ಉಪವಾಸ ಕಳಿಸಬಾರದ ಚೀಲ

ಮೇಜಿನ ಮೇಲೆ ಅರ್ಧ ಹೊಲಿದ ಬ್ಯಾಗೊಂದು ಎರಡು ದಿನದಿಂದ ಬಿದ್ದಿದೆ. ಅಸ್ತರಿನ ತಳದಲ್ಲಿ ನಾಲ್ಕು ಬೆರಳಿನಷ್ಟು ಸಂದು ಬಿಟ್ಟಿದ್ದೇನೆ. ಬ್ಯಾಗನ್ನು ಒಳಮಗ್ಗಲಿನಿಂದ ಹೊಲಿದು, ಆ ಸಂದಿನಿಂದಲೇ ಇಡಿಯಾಗಿ ಹೊರಗೆಳೆದು, ಕಡೆಗೆ ಸಂದನ್ನು ಕೈಹೊಲಿಗೆಯಿಂದ ಮುಚ್ಚಬೇಕು. ಎಳೆದದ್ದಾಯಿತು. ಮುಚ್ಚಲು ಮಾತ್ರ ಕೈ ಬರುತ್ತಿಲ್ಲ. ತೆರೆದ ಬಾಯಿಯಂಥ ಆ ಸಂದು ಕಂಡಾಗೆಲ್ಲ ಮಿರಜದ ಮಾವಶಿ ನೆನಪಾಗುತ್ತಾರೆ...

ಸಾಂಗ್ಲಿಗೆ ಬರುವ ಮೊದಲು ನಾವು ಮಿರಜದಲ್ಲಿದ್ದೆವು. ಮಾವಶಿ, ಅಂದರೆ ಚಿಕ್ಕಮ್ಮ, ಎಂದು ನಾವು ಕರೆಯುತ್ತಿದ್ದ ಅವರು ನಮ್ಮ ಪಕ್ಕದ ಮನೆಯವರು. ತಂಬೂರಿ, ಸಿತಾರ ಮಾಡುವ ಅಂಗಡಿಗಳಿಗೆ ದಪ್ಪ ಬಟ್ಟೆಗೆ ಚೌಕ ಚೌಕ ಹೊಲಿಗೆ ಹಾಕಿ ಗವಸು ಹೊಲಿದುಕೊಡುತ್ತಿದ್ದರು. ಬಿಡುವಿದ್ದಾಗ ಓಣಿಯವರ ಹಳೆ ಸೀರೆ ಸೇರಿಸಿ ಕೌದಿ ಹೊಲಿಯುತ್ತಿದ್ದರು. ಕೌದಿಯ ಕಡೆಯ ಮೂಲೆ ಮುಚ್ಚುವಾಗ ಒಳಗೊಂದು ರೊಟ್ಟಿ ಚೂರು ಇಟ್ಟೇ ಹೊಲಿಯುವುದು ಅವರ ಮನೆಯ ಪದ್ಧತಿ. ಕೌದಿ ಹಸಿದಿದ್ದರೆ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವಂತೆ. ಆಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಕೌದಿಯ ಬೆನ್ನು ತಟ್ಟಿ, "ಹೊಟ್ಟಿ ತುಂಬೇತಿ, ಇನ್ನ ಹೋಗಿ ಬಾ" ಅನ್ನುತ್ತಿದ್ದರು.

ಆ ವರ್ಷ ಪುಣೆಯಲ್ಲಿ ನಮ್ಮ ವೈನಿಯ ಮಗಳ ಮದುವೆ. ವೈನಿಯೆಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅವರ ಹೆಗಲಿಗೆ ಯಾವಾಗಲೂ ದೊಡ್ಡ ಹೆಸರಿನ ಬ್ಯಾಗು. ನಾನು ಸೀರೆ ಅಂಗಡಿಯ ಕೈಚೀಲ ಹಿಡಿದು ಹೋದಾಗೆಲ್ಲ ಅವರು ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದಿರುವುದೇ ನನ್ನ ನಿದ್ದೆ ಕೆಡಿಸುತ್ತಿತ್ತು. ಬಸ್ಸು ತಪ್ಪೀತೆಂದು ಅದರ ಹಿಂದಿನ ಬಸ್ಸಿಗಿಂತ ಮೊದಲೇ ನಿಲ್ದಾಣದಲ್ಲಿ ಕೂರುವ ಹೆಂಗಸು ನಾನು. ಮದುವೆಗೆ ಮೂರು ತಿಂಗಳಿರುವಾಗಲೇ ಬ್ಯಾಗಿನ ಚಿಂತೆ ಹಚ್ಚಿಕೊಂಡೆ. ಪತ್ರಿಕೆಯೊಂದರಲ್ಲಿ ವಿದೇಶದ ಡಿಸೈನರ್ ಬ್ಯಾಗು ಹಾಕಿಕೊಂಡು ನಿಂತ ಹುಡುಗಿಯ ಚಿತ್ರ ಸಿಕ್ಕಿತು. ಬ್ಯಾಗಿನ ಮೈಯೆಲ್ಲ ಶಂಕರಪೋಳಿ ಕೊಯ್ದಂಥ ಚೌಕಗಳ ಹೊಲಿಗೆ, ಹೆಗಲಿಗೆ ಸರಪಳಿ. ಅದನ್ನು ಕತ್ತರಿಸಿಕೊಂಡು ಮಾವಶಿಯ ಹತ್ತಿರ ಓಡಿದೆ.

ಮಾವಶಿ ಕನ್ನಡಕ ಏರಿಸಿ ನೋಡಿದರು. "ಇದೇನವ್ವಾ, ನಮ್ಮ ತಂಬೂರಿ ಗವಸ ಹೆಗಲಿಗೆ ಹಾಕ್ಕೊಂಡು ನಿಂತಾಳಲ್ಲ ಈಕಿ!"

ಗವಸಿಗೆಂದು ತಂದಿದ್ದ ಕೆಂಪು ಬಟ್ಟೆಯಲ್ಲೇ ಹೊಲಿಯಲು ಕೂತೆವು. ಚೌಕಗಳು ಅವರವು, ಸೊಟ್ಟ ಚೌಕಗಳು ನನ್ನವು. ಸರಪಳಿ ಸಾಂಗ್ಲಿಯ ಪೇಟೆಯಿಂದ ತಂದೆ. ನಾಯಿ ಕಟ್ಟುವ ಸರಪಳಿ ಅದು. ಯಾರಾದರೂ ಗುರುತು ಹಿಡಿದಾರೆಂಬ ಚಿಂತೆ ಬೇರೆ. ಸಂದು ಮುಚ್ಚುವ ಹೊತ್ತಿಗೆ ನಾನು ಚಹಾ ಮಾಡಲು ಎದ್ದಿದ್ದೆ. ಲೋಟ ಹಿಡಿದು ಬರುವಷ್ಟರಲ್ಲಿ ಬ್ಯಾಗು ತಯಾರಾಗಿ ನಗುತ್ತಿತ್ತು. ಮಾವಶಿಯೂ ನಗುತ್ತಿದ್ದರು.

ಮದುವೆಯ ದಿನ ಅಕ್ಷತೆ ಬೀಳುವ ಮೊದಲೇ ಮುಂಗೈ ಚುರ್ ಎಂದಿತು. ಬ್ಯಾಗಿನ ಹೊಲಿಗೆಯಿಂದ ಹೊರಟ ಇರುವೆ ಸಾಲು ನನ್ನ ರೇಷ್ಮೆ ಸೀರೆಯ ನಿರಿಗೆ ಹತ್ತುತ್ತಿತ್ತು. ನಾವು ಜೈನರು, ಒರೆಸಿ ಹಾಕುವಂತಿಲ್ಲ. ಬ್ಯಾಗು ಎತ್ತಿಕೊಂಡು ಹೊರಗೋಡಿ, ಮೆಟ್ಟಿಲ ಮೇಲೆ ಕೂತು ಒಂದೊಂದೇ ಇರುವೆ ಊದತೊಡಗಿದೆ. ಹಿಂದೆಯೇ ವೈನಿ ಬಂದರು. ನನ್ನ ಮಾನ ಹೋಯಿತು ಅಂದುಕೊಂಡೆ.

"ಅಗ, ಸಾವಕಾಶ! ಸತ್ತಾವು," ಎಂದು ತಮ್ಮ ಬ್ಯಾಗನ್ನು ನೆಲಕ್ಕಿಟ್ಟು ಅವರೂ ಊದಲು ಕೂತರು. "ಒಳಗ ಏನ್ ಇಟ್ಟಿ?"

"ಏನೂ ಇಲ್ರಿ ವೈನಿ, ಖರೇನ ಏನೂ ಇಲ್ಲ."

ಅವರು ಸೆರಗಿನ ಪಿನ್ನು ತೆಗೆದು ತಳದ ಹೊಲಿಗೆ ಬಿಚ್ಚಿದರು. ಹೆಬ್ಬೆರಳು ಗಾತ್ರದ ಬೆಲ್ಲದ ಹೆಂಟೆ ಹೊರಬಿತ್ತು. ಮಾವಶಿಯ ರೊಟ್ಟಿ ಪದ್ಧತಿಯನ್ನು ತಡವರಿಸುತ್ತ ಹೇಳಿದೆ. ವೈನಿ ಆ ಬೆಲ್ಲವನ್ನೆತ್ತಿ ಅಂಗೈಯಲ್ಲಿಟ್ಟುಕೊಂಡರು.

"ನಮ್ಮ ತವರು ಬುಧಗಾಂವದಾಗ ಆಯಿ ಹಿಂಗ ಮಾಡ್ತಿದ್ಲು," ಅಂದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನಗೂ ಇಂಥಾದ್ದೊಂದು ಹೊಲಿಸಿ ಕೊಡು. ಬೆಲ್ಲ ಮಾತ್ರ ಬ್ಯಾಡವಾ!"

ಊರಿಗೆ ಬಂದು ಮಾವಶಿಯ ಜೊತೆ ಜಗಳ ತೆಗೆದೆ. ಅವರಿಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. "ಮದವಿಗೆ ಹೊಂಟ ಚೀಲಕ್ಕ ಒಣಾ ರೊಟ್ಟಿ ಇಡ್ಲೇನು? ನಿಮ್ಮ ವೈನಿಗೆ ಹೇಳು, ಬೆಲ್ಲ ಬ್ಯಾಡಂದ್ರ ಹೊಲಿಯಂಗಿಲ್ಲ. ಉಪವಾಸ ಕಳಸಾಕ ನಾ ಏನ್ ಮಲತಾಯಿ?"

ಬೆಲ್ಲ ಬೇಕು, ಬೆಲ್ಲ ಬೇಡ... ಮಿರಜ ಮತ್ತು ಪುಣೆಯ ನಡುವೆ ನನ್ನ ಫೋನಿನ ಮೂಲಕ ಈ ವಾದ ಬಹಳ ಕಾಲ ನಡೆಯಿತು. ಇಬ್ಬರಿಗೂ ಅದು ಮುಗಿಯುವುದು ಬೇಕಿರಲಿಲ್ಲವೇನೋ. ಒಂದು ಚಳಿಗಾಲ ಮಾವಶಿಯೇ ಹೋಗಿಬಿಟ್ಟರು. ವೈನಿಯ ಬ್ಯಾಗು ಹಾಗೇ ಉಳಿಯಿತು.

ಕಳೆದ ವಾರ ವೈನಿ ಫೋನು ಮಾಡಿ, "ನನ್ನ ಚೀಲ ನೀನರ ಹೊಲಿ" ಅಂದರು. ಬೆಲ್ಲದ ಮಾತೇ ಎತ್ತಲಿಲ್ಲ. ಮರೆತರೋ, ಒಪ್ಪಿದರೋ? ಎರಡು ದಿನದಿಂದ ಅದೇ ಚಿಂತೆ.

ಇವತ್ತು ಬೆಲ್ಲದ ಡಬ್ಬಿ ತೆಗೆದೆ. ಒಂದು ಚೂರು ಮುರಿದು ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆ. ಇರುವೆ ಕಾವಲಿಗೆ ಅರಿಶಿಣದ ಕೊಂಬೊಂದನ್ನೂ ಜೊತೆಗಿಟ್ಟೆ. ಮಾವಶಿ ಇದ್ದಿದ್ದರೆ ಬೈಯುತ್ತಿದ್ದರು: ಊಟಕ್ಕೆ ಕೊಟ್ಟು ಬಾಯಿ ಕಟ್ಟಿದಿಯಲ್ಲ ಎಂದು. ಬೈಯಲು ಈಗ ಯಾರೂ ಇಲ್ಲ... ಪ್ಲಾಸ್ಟಿಕ್ಕು ಬಿಚ್ಚಿ ಎಸೆದು, ಬೆಲ್ಲ, ಅರಿಶಿಣ ಎರಡನ್ನೂ ಸಂದಿನೊಳಗಿಟ್ಟೆ. ಸಂದು ಮುಚ್ಚಿ, ದಾರ ಹಲ್ಲಿನಿಂದ ಕಡಿದು, ಬ್ಯಾಗಿನ ಬೆನ್ನು ತಟ್ಟಿದೆ.

"ಹೊಟ್ಟಿ ತುಂಬೇತಿ," ಅಂದೆ. "ಇನ್ನ ಹೋಗಿ ಬಾ" ಅನ್ನುವ ಬದಲು ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತೆ.