ನಾಲ್ಕನೆಯವನು ಮಾತಾಡಿದ್ದು

ನಮ್ಮ ಚರ್ಚಿನ ಸಭೆಯಲ್ಲಿ ಒಂದು ರೂಢಿಯಿದೆ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಮೊದಲು ಸಭಾಪಾಲಕರು ಸುತ್ತ ನೋಡಿ, "ತೀರಿಹೋದವರ ಬಗ್ಗೆ ಎರಡು ಮಾತು ಹೇಳುವವರು ಮುಂದೆ ಬರಬಹುದು" ಎನ್ನುತ್ತಾರೆ. ಬಂದವರು ಆ ಮನುಷ್ಯ ತನ್ನ ಬದುಕಿನಲ್ಲಿ ಕ್ರಿಸ್ತನನ್ನು ಹೇಗೆ ತೋರಿಸಿದ ಎಂದು ಹೇಳುತ್ತಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಇದನ್ನೆಲ್ಲ ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ: ದಿನ, ಸ್ಥಳ, ಎಷ್ಟು ಜನ ಮಾತಾಡಿದರು, ಯಾರು ಅತ್ತರು. ಭಾನುವಾರ ಚರ್ಚಿನಲ್ಲಿ ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳಲು ಎದ್ದುನಿಂತವರ ಲೆಕ್ಕವೂ ಇತ್ತು. ಅದರಲ್ಲಿ ಅಪ್ಪ ಒಮ್ಮೆಯೂ ಇಲ್ಲ. "ನನಗೇನಪ್ಪ ಹೇಳೋಕೆ ಬರುತ್ತೆ, ಮೈಕ್ ನೋಡಿದ್ರೇ ಕೆಮ್ಮು ಬರುತ್ತೆ" ಎಂದು ಕೊನೆಯ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ಯುವಕರ ಕೂಟದ ಕಾರ್ಯದರ್ಶಿಯಾಗಿದ್ದ ನನಗೆ ನಾಚಿಕೆಯಾಗುತ್ತಿತ್ತು.

೧೯೯೭ರ ಜುಲೈ, ಒಂದು ಶನಿವಾರ. ಫ್ಯಾಕ್ಟರಿ ಕ್ಯಾಂಟೀನಿನ ಬೆಳಗಿನ ಪಾಳಿಗೆಂದು ಹಲಸೂರಿನಿಂದ ಸೈಕಲ್ಲಿನಲ್ಲಿ ಹೊರಟ ಅಪ್ಪನಿಗೆ ಹಳೇ ಮದ್ರಾಸ್ ರಸ್ತೆಯಲ್ಲಿ ನೀರಿನ ಟ್ಯಾಂಕರ್ ಹೊಡೆಯಿತು. ಡ್ರೈವರ್ ಓಡಿಹೋದ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೋಸ್ಟ್‌ಮಾರ್ಟಂ ಆಗಿ ದೇಹ ಕೈಗೆ ಸಿಕ್ಕಿದ್ದು ಭಾನುವಾರ ಸಂಜೆ. ಸೋಮವಾರ ಮಣ್ಣು.  ಆ ಎರಡು ದಿನ ಅಮ್ಮನ ತಮ್ಮ, ನನ್ನ ಮಾವ, ಒಂದೇ ಮಾತು ಹೇಳುತ್ತಿದ್ದ: "ಆ ನನ್ಮಗ ಒಂದ್ಸಲ ಕೈಗೆ ಸಿಗ್ಲಿ." ಪ್ರಾರ್ಥನೆಗೆ ಮೊಣಕಾಲೂರಿದರೆ ನನಗೂ ಬೇರೇನೂ ಬೇಡಿಕೊಳ್ಳಲು ಬರುತ್ತಿರಲಿಲ್ಲ.

ಸಮಾಧಿಸ್ಥಳಕ್ಕೆ ಅಪ್ಪನ ಜೊತೆಯವರು ಫ್ಯಾಕ್ಟರಿಯ ವ್ಯಾನಿನಲ್ಲಿ ಬಂದರು. ಅವರೊಂದಿಗೆ ಇಳಿದವನೊಬ್ಬ ಗೇಟಿನ ಹತ್ತಿರವೇ ನಿಂತುಬಿಟ್ಟ. ಮೂವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಚೆಂಡುಹೂವಿನ ಹಾರ ಮತ್ತು ಊದಿನಕಡ್ಡಿ. ಆ ಕೆಸರಿನಲ್ಲೂ ಚಪ್ಪಲಿ ಬಿಟ್ಟಿದ್ದ. ಕ್ಯಾಂಟೀನಿಗೆ ಹೊಸದಾಗಿ ಸೇರಿದವನಿರಬೇಕು ಎಂದುಕೊಂಡೆ. ವ್ಯಾನಿನಲ್ಲಿದ್ದವರು ಅವನನ್ನು ನಮ್ಮ ನೆಂಟನೆಂದುಕೊಂಡಿದ್ದರಂತೆ.

"ಬನ್ನಿ ಅಣ್ಣ, ಮುಂದೆ ಬನ್ನಿ" ಎಂದೆ.

"ಇಲ್ರೀ, ನಾ ಇಲ್ಲೇ ನಿಂದರ್ತೀನ್ರಿ."

"ಅಪ್ಪನ ಜೊತೆ ಕೆಲಸ ಮಾಡ್ದೋರು ಹಿಂದೆ ನಿಂತ್ಕೊಳ್ಳೋದಾ? ಬನ್ನಿ."

ಕೈ ಹಿಡಿದು ಕರೆತಂದು ಅಮ್ಮನ ಎದುರಿಗೇ ನಿಲ್ಲಿಸಿದೆ. ಸಭೆಯ ಹಿರಿಯರೊಬ್ಬರು ಊದಿನಕಡ್ಡಿ ಕಂಡು ಗೊಣಗಿದರು. "ಇರಲಿ ಬಿಡಿ, ಅವರ ಪದ್ಧತಿ" ಎಂದೆ.

ಮೂವರು ಮಾತಾಡಿದರು. ಅಭ್ಯಾಸಬಲದಿಂದ ನಾನು ಎಣಿಸುತ್ತಲೇ ಇದ್ದೆ. ಇಬ್ಬರು ಸಭೆಯವರು, ಒಬ್ಬರು ಫ್ಯಾಕ್ಟರಿಯವರು. ಮೂವರೂ ಹೇಳಿದ್ದು ಒಂದೇ: ಯಾರ ತಂಟೆಗೂ ಹೋಗದ ಮನುಷ್ಯ. "ಇನ್ಯಾರಾದರೂ?" ಎಂದರು ಸಭಾಪಾಲಕರು. ಹಾರ ಹಿಡಿದಿದ್ದವನು ಕೈಯೆತ್ತಿದ.

"ನಾ ಹೇಳ್ಬೇಕ್ರಿ. ಇವರ ಹೆಸರೂ ನನಗ ಗೊತ್ತಿಲ್ರಿ. ಟ್ಯಾಂಕರ್ ನಾನ ಓಡಸ್ತಿದ್ದೆ."

 ಮಾತು ಕಿವಿಗೆ ಬಿದ್ದಿತ್ತು, ಅರ್ಥವಾಗಿರಲಿಲ್ಲ. ಅವನ ಕೈ ಹಿಡಿದಿದ್ದ ನನ್ನ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದೇನೆಂಬುದು ಆಮೇಲೆ ತಿಳಿಯಿತು.

"ನಿದ್ದಿಗಣ್ಣಾಗ ಇದ್ದೆ ರೀ. ತಪ್ಪು ನಂದೇ. ಇಳದು, ಇವರ ತಲಿ ತೊಡಿ ಮ್ಯಾಲ ಇಟ್ಕೊಂಡು ನೀರು ಕುಡಸ್ದೆ. ಜನ ಓಡಿ ಬರ್ಲಿಕತ್ತಿದ್ರು. ಇವರು ನನ್ನ ಮಾರಿ ನೋಡಿ, 'ಮಕ್ಕಳಿದ್ದಾರಾ?' ಅಂದ್ರು. ಎರಡ ಅದಾವ್ರಿ ಅಂದೆ. 'ಹೋಗಪ್ಪ, ಇಲ್ಲಿದ್ರೆ ನಿನ್ನ ಹೊಡೆದು ಹಾಕ್ತಾರೆ. ಹೋಗು, ಯೇಸುಸ್ವಾಮಿ ಕಾಪಾಡ್ಲಿ' ಅಂದ್ರು. ಓಡ್ದೆ ರೀ. ಎರಡು ದಿನ ಮಹದೇವಪುರದಾಗ ನಮ್ಮೂರವರ ಶೆಡ್ಡಿನಾಗ ಕುಂತಿದ್ದೆ. ಅನ್ನ ಇಳೀಲಿಲ್ಲ. ಇವರ ಅಂಗಿ ಮ್ಯಾಲ ಫ್ಯಾಕ್ಟರಿ ಹೆಸರಿತ್ತು, ಗೇಟಿನಾಗ ಕೇಳ್ಕೊಂಡು ಬಂದೆ."

ಮಾವ ಅವನ ಕೊರಳಪಟ್ಟಿ ಹಿಡಿದ. "ಲೋ, ಎಷ್ಟೋ ಧೈರ್ಯ ನಿಂಗೆ! ಇಲ್ಲೇ ಹೂತಾಕ್ಬಿಡ್ತೀನಿ!" ಹಾರ ಹರಿದು ಹೂವು ಕೆಸರಿಗೆ ಬಿತ್ತು. ಫ್ಯಾಕ್ಟರಿಯವರು ಸುತ್ತುವರಿದರು. ನಾನೂ ನುಗ್ಗಿದೆ. ಅವನು ಕೈ ಅಡ್ಡ ಹಿಡಿಯಲೂ ಇಲ್ಲ.

"ಬಿಡೋ ಅವನ್ನ" ಎಂದಳು ಅಮ್ಮ.

"ಅಕ್ಕಾ, ನಿಂಗೇನು ತಲೆ ಕೆಟ್ಟಿದ್ಯಾ?"

"ಹೋಗು ಅಂತ ಅವರೇ ಕಳ್ಸಿದ್ದಾರೆ. ಈಗ ಅವರ ಕಾಲ ಹತ್ರಾನೇ ಹಿಡ್ಕೊಂಡು ಹೊಡೀತೀರಾ?"

ಮಾವನ ಕೈ ಸಡಿಲಾಯಿತು. ಅಮ್ಮ ಡ್ರೈವರನ ಹತ್ತಿರ ಹೋದಳು. "ಅವರಿಗೆ ತುಂಬಾ ನೋವಿತ್ತಾ?"

"ಇತ್ತವ್ವಾ" ಎಂದ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಸ್ಟೇಷನ್‌ಗೆ ಹೋಗಿ ಇದನ್ನೇ ಹೇಳು. ಅದನ್ನ ನಾನು ತಪ್ಪಿಸೋಲ್ಲ. ಮೊದಲು ಮಣ್ಣು ಹಾಕು" ಎಂದಳು.

ಪೆಟ್ಟಿಗೆ ಇಳಿಯಿತು. ಅಮ್ಮ, ನಾನು, ಮಾವ ಮೂರು ಮೂರು ಹಿಡಿ ಹಾಕಿದೆವು. ನಮ್ಮ ಹಿಂದೆಯೇ ಅವನೂ ಹಾಕಿದ. ಆ ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ನಾನು ಮುಖ ತಿರುಗಿಸಿದೆ.

"ಇವನ ಜೊತೆ ನೀನು ಹೋಗು. ದಾರೀಲಿ ಯಾರೂ ಕೈ ಮಾಡ್ಬಾರ್ದು" ಎಂದಳು ಅಮ್ಮ.

"ನಾನಾ?"

"ಮತ್ತೆ ನಿಮ್ಮ ಮಾವನ್ನ ಕಳಿಸ್ಲಾ?"

ಹೊರಟೆವು. ಮಾವ ಮತ್ತು ಫ್ಯಾಕ್ಟರಿಯ ಒಂದಿಬ್ಬರು ಹಿಂದೆಯೇ ಬಂದರು. ಮುಖ್ಯರಸ್ತೆಗೆ ತಿರುಗುವಲ್ಲಿ ಮಾವ ದಾಪುಗಾಲಿಟ್ಟು ಹತ್ತಿರವಾದ. ನಾನು ಇಬ್ಬರ ನಡುವೆ ನಿಂತೆ.  "ಪಕ್ಕಕ್ಕೆ ಹೋಗೋ" ಎಂದ. ನಾನು ಹೋಗಲಿಲ್ಲ. ಮಾವ ಅಲ್ಲೇ ಫುಟ್‌ಪಾತಿನ ಮೇಲೆ ಕೂತು ಅಳತೊಡಗಿದ.

ಸ್ಟೇಷನ್ನಿನಲ್ಲಿ ಪೊಲೀಸಿನವರು ತಲೆಯೆತ್ತದೆ, "ಏನು?" ಎಂದರು.

"ಶನಿವಾರದ ಆಕ್ಸಿಡೆಂಟ್ ಸರ್. ಡ್ರೈವರ್ ಬಂದಿದ್ದಾರೆ."

"ಬಂದಿದ್ದಾರಾ? ಭಾರೀ ಮರ್ಯಾದೆ! ನೀನ್ಯಾರು, ತಮ್ಮನಾ?"

"ಅಲ್ಲ ಸರ್. ತೀರಿಕೊಂಡವರ ಮಗ."

ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಮತ್ತೆ ಇವನ ಜೊತೆ ಯಾಕಪ್ಪ ಬಂದೆ?"

ಬಾಯಿಪಾಠವಾಗಿದ್ದ ಬೈಬಲ್ ವಚನಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನಮ್ಮಪ್ಪ ಇವರನ್ನ ಬಿಟ್ಟುಬಿಟ್ಟಿದ್ರು ಸರ್" ಎಂದೆ. ಅವನು ಕೈಗೆ ಸಿಗಲೆಂದು ಬೇಡಿಕೊಂಡಿದ್ದ ನನ್ನ ಬಾಯಿಂದಲೇ ಬಂದ ಮಾತಿಗೆ ನಾನು ಬೆಚ್ಚಿಬಿದ್ದೆ. ಪಕ್ಕಕ್ಕೆ ತಿರುಗಿ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.