ಗಪ್ ಆದ ಭಟ್ಟಿ

ಪಕ್ಕದ ಮನೆಯ ಕಾಕಾರ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದಷ್ಟು ಗಟ್ಟಿಯಾಗಿ, ಕಪ್ಪಗೆ ಉಬ್ಬಿತ್ತು. ಉದ್ಯಮಬಾಗದ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಭಟ್ಟಿ ಕಾಯುತ್ತ, ಎರಕದ ಮಾಲನ್ನು ಬಡಿದು ಬಡಿದು ನೋಡಿದ ಗುರುತು ಅದು. ‘ಖಣ್’ ಎಂದರೆ ಮಾಲು ಸರಿ, ‘ಬದ್’ ಎಂದರೆ ಒಳಗೆ ಬಿರುಕು. ಕೆಲಸ ಬಿಟ್ಟ ಮೇಲೂ ಚಟ ಬಿಡಲಿಲ್ಲ. ನಾನು ಹೊಸ ತಾಮ್ರದ ಕೊಡ ತಂದಾಗ ಓಡಿ ಬಂದು ಬಡಿದು, “ಅಕ್ಕೋರ, ಮೋಸ ಹೋಗೀರಿ” ಎಂದಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಎಂಟೇ ದಿನಕ್ಕೆ ಕೊಡ ಸೋರಿತು.

ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ರೋಗವೂ ಒಂದೇ, ದೊಡ್ಡ ಕರುಳಿನ ಉರಿಯೂತ. ದಿನಾ ಬೆಳಿಗ್ಗೆ ಕಾಕಾ ಗೋಡೆಯನ್ನು ಮೂರು ಸಲ ಬಡಿಯುತ್ತಿದ್ದರು. ‘ಹೊಟ್ಟೆ ಹೇಗಿದೆ?’ ಎಂದರ್ಥ. ನಾನು ಒಂದು ಸಲ ಬಡಿದರೆ ಆರಾಮ, ಎರಡು ಸಲ ಬಡಿದರೆ ರಕ್ತ ಹೋಗಿದೆ. ಇಂಥ ಸುದ್ದಿಯನ್ನು ಬಾಯಿಬಿಟ್ಟು ಕೇಳಲು ಅವರಿಗೂ ನಾಚಿಕೆ, ಹೇಳಲು ನನಗೂ.

ಒಮ್ಮೆ ಫೌಂಡ್ರಿಯಲ್ಲಿ ಗುರುಗುಡುತ್ತಿದ್ದ ಭಟ್ಟಿ ಇದ್ದಕ್ಕಿದ್ದಂತೆ ಗಪ್ ಆಯಿತಂತೆ. ಉಳಿದವರು ‘ಶಾಂತ ಆತು’ ಎಂದು ಬೀಡಿ ಹಚ್ಚಿದರೆ ಇವರೊಬ್ಬರೇ ಹಿಂದೆ ಸರಿದರು. ಮೇಲೆ ಮಾಲು ಗಂಟುಕಟ್ಟಿ ನಿಂತು, ಕೆಳಗೆ ಪೊಳ್ಳಾಗಿತ್ತು. ಸ್ವಲ್ಪ ಹೊತ್ತಿಗೆ ಅಷ್ಟೂ ಕುಸಿದು ಬೆಂಕಿ ಹೊರಗೆ ಹಾರಿತು. “ಉರಿಯೂ ಭಟ್ಟಿ ಗುರುಗುಡತಿರಬೇಕ್ರಿ. ಗಪ್ ಆತಂದ್ರ ಎರಡ ಹೆಜ್ಜಿ ಹಿಂದಕ ಸರೀಬೇಕ” ಎನ್ನುತ್ತಿದ್ದರು.

ರೋಗ ಶುರುವಾಗಿ ಎಂಟು ವರ್ಷಗಳ ಮೇಲೆ ಔಷಧ ಹತ್ತಿ ನಮ್ಮಿಬ್ಬರ ಹೊಟ್ಟೆಯೂ ಗಪ್ ಆಯಿತು. ಆದರೂ ವರ್ಷಕ್ಕೊಮ್ಮೆ ಕರುಳಿಗೆ ದುರ್ಬೀನು ಬಿಟ್ಟು ನೋಡಬೇಕೆಂದು ಡಾಕ್ಟರು ಹೇಳಿದ್ದರು. ಹಿಂದಿನ ದಿನವಿಡೀ ಭೇದಿ ಔಷಧ ಕುಡಿಯುವ ಆ ಹಿಂಸೆ ಯಾರಿಗೆ ಬೇಕು! “ಗಪ್ ಐತೆಲ್ರಿ ಕಾಕಾ, ಮತ್ಯಾಕ ದುರ್ಬೀನು?” ಎಂದೆ. ನಾನು ಕ್ಯಾಂಪ್ ಬಡಾವಣೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನ್ನ ಮಾತೆಂದರೆ ಅವರಿಗೆ ಕಲ್ಲ ಮೇಲೆ ಕೊರೆದ ಹಾಗೆ. “ಖರೇ ಐತ್ರಿ ಅಕ್ಕೋರ” ಎಂದು ನಕ್ಕರು. ಎರಡು ವರ್ಷ ಇಬ್ಬರೂ ಆ ಕಡೆ ಸುಳಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ, ಖಾನಾಪುರದಾಚೆಯ ಬೀಡಿ ಎಂಬ ತಮ್ಮ ಊರಿಗೆ ಹೋಗಿದ್ದ ಕಾಕಾ ಮರಳಿ ಬಂದು ನನ್ನ ಬಾಗಿಲಲ್ಲಿ ನಿಂತರು. ಮುಖ ಬೂದಿ ಬಣ್ಣವಾಗಿತ್ತು. ಕುಂದರ್ರಿ ಎಂದರೂ ಕೂರಲಿಲ್ಲ.

“ಅಕ್ಕೋರ, ಹೊಟ್ಟಿ ಬಡದ ನೋಡಿದ್ನಿರಿ. ಬದ್ ಅಂತೈತಿ.”

ಬಡಿದು ತೋರಿಸಿದರು. ಒದ್ದೆ ಮಣ್ಣಿನ ಮೇಲೆ ಬಡಿದ ಸದ್ದು. ಮರುದಿನವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ.

ಕರುಳಿನ ಕ್ಯಾನ್ಸರು, ಹೊಟ್ಟೆಯ ತುಂಬ ಹರಡಿತ್ತು. ಡಾಕ್ಟರು ನನ್ನನ್ನು ಬದಿಗೆ ಕರೆದರು.

“ಮೈಟೋಕಾಂಡ್ರಿಯ ಪಾಠ ಮಾಡ್ತೀರೆಲ್ರಿ? ವರ್ಷಗಟ್ಟಲೆ ಉರಿಯೂತ ಇದ್ರ ಜೀವಕೋಶದಾಗಿನ ಆ ಸಣ್ಣ ಭಟ್ಟಿಗೋಳು ಕೆಡತಾವ. ಸರಿ ಉರಿಯೂದಿಲ್ಲ, ಹೊಗಿ ಕಾರಿದಂಗ ಕೆಟ್ಟ ಪದಾರ್ಥ ಕಾರತಾವ. ಅದರಿಂದ ಉರಿಯೂತ ಮತ್ತ ಹೆಚ್ಚಾಗತೈತಿ, ಡಿಎನ್‌ಎ ಹಾಳಾಗತೈತಿ. ಕೆಟ್ಟ ಕೋಶಕ್ಕ ‘ಇನ್ನ ಸಾಯಿ’ ಅಂತ ಸೂಚನಾ ಹೋಗೂದೂ ಹೆಚ್ಚಾಗಿ ಅಲ್ಲಿಂದನ. ಆ ಭಟ್ಟಿನ ಕೆಟ್ಟಿದ್ರ ಹೇಳಾವ್ರು ಯಾರು? ಎಲ್ಲಾರಿಗೂ ಹಿಂಗಾಗೂದಿಲ್ಲ. ಅದಕ್ಕ ನೋಡಕೋತ ಇರಬೇಕು ಅನ್ನೂದು.”

ಹತ್ತೊಂಬತ್ತು ವರ್ಷ ‘ಜೀವಕೋಶದ ಶಕ್ತಿಕೇಂದ್ರ’ ಎಂದು ಬೋರ್ಡಿನ ಮೇಲೆ ಬರೆದವಳು ನಾನು. ಸಾವಿನ ಅಪ್ಪಣೆಯೂ ಅಲ್ಲಿಂದಲೇ ಹೊರಡುತ್ತದೆಂದು ಒಂದು ದಿನವೂ ಹೇಳಿರಲಿಲ್ಲ. ಆ ಕ್ಷಣ ನನ್ನ ಗಪ್ ಆದ ಹೊಟ್ಟೆಯೊಳಗೂ, ಸಾಯೆಂದು ಯಾರೂ ಹೇಳದ ಏನೋ ಒಂದು ಬೆಳೆಯುತ್ತಿದೆ ಅನಿಸಿತು. ಕೈ ಹೊಟ್ಟೆಯ ಮೇಲೆ ಹೋಯಿತು. ಬಡಿದು ನೋಡುವ ಧೈರ್ಯ ಬರಲಿಲ್ಲ.

ವಾರ್ಡಿನಲ್ಲಿ ಕಾಕಾರ ಕಣ್ಣು ತಪ್ಪಿಸಿ ನಿಂತೆ. “ನಾ ಹೇಳಿದ್ದಕ್ಕ ನೀವು ದುರ್ಬೀನು ಬಿಡಸೂದ ತಪ್ಪಿಸಿದ್ರಿ” ಎಂದೆ.

“ನಾ ಭಟ್ಟಿಯಾಂವ. ನನಗ ತಿಳೀಬೇಕಾಗಿತ್ತು” ಎಂದರು. ಆಮೇಲೆ, “ನಿಮ್ಮದು ಗಪ್ ಆಗಿ ಎಷ್ಟ ದಿನ ಆತ್ರಿ?”

“ಎರಡ ವರ್ಷ.”

ಕಬ್ಬಿಣದ ಮಂಚವನ್ನು ಗೆಣ್ಣಿನಿಂದ ಬಡಿದರು. “ಹಿಂದಕ ಸರೀರಿ ಅಕ್ಕೋರ. ನಾಳೇನ ದುರ್ಬೀನು ಬಿಡಸ್ರಿ.”

ಬಿಡಿಸಿದೆ. ನಾಣ್ಯದಷ್ಟಗಲದ ಒಂದು ಮಚ್ಚೆ ಸಿಕ್ಕಿತು. ಇನ್ನೂ ಕ್ಯಾನ್ಸರಲ್ಲ, ಆದರೆ ಆ ದಾರಿ ಹಿಡಿದಿತ್ತು. ದುರ್ಬೀನಿನಿಂದಲೇ ಕತ್ತರಿಸಿ ತೆಗೆದರು. ಆ ರಿಪೋರ್ಟು ಕೈಗೆ ಬಂದ ವಾರವೇ ಕಾಕಾ ತೀರಿಕೊಂಡರು. ಅವರ ಹೆಂಡತಿ ಕಾಕು ಮನೆಗೆ ಬೀಗ ಹಾಕಿಕೊಂಡು ಬೀಡಿ ಊರಿನ ತಂಗಿಯ ಮನೆಗೆ ಹೋದರು. ನನ್ನ ತಪ್ಪಿನಿಂದ ಹೋದವರು ನನ್ನನ್ನು ಉಳಿಸಿ ಹೋದರು. ಈ ಭಾರ ನಾನು ಎಲ್ಲಿ ಇಳಿಸಲಿ?

ಈಗ ಬೆಳಿಗ್ಗೆ ಗೋಡೆಯನ್ನು ಮೂರು ಸಲ ಬಡಿಯುವವಳು ನಾನು. ಕಳೆದ ವಾರ ಶಾಲೆಗೆ ಹೊರಡುವ ಮುನ್ನ ಬಡಿದೆ. ಬೀಗ ಹಾಕಿದ ಆ ಮನೆಯಿಂದ ಎರಡು ಸಲ ಬಡಿದ ಸದ್ದು ಕೇಳಿಸಿತು. ಖಾಲಿ ಕೋಣೆಯಲ್ಲಿ ಸದ್ದು ಮಾರ್ದನಿಸುತ್ತದೆ, ಅಷ್ಟೇ ಇರಬಹುದು. ಆದರೂ ಚಪ್ಪಲಿ ಬಿಟ್ಟು ಒಳಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಈ ವರ್ಷದ ದುರ್ಬೀನನ್ನು ಎರಡು ತಿಂಗಳಿಂದ ಮುಂದೂಡುತ್ತಿದ್ದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.